ಬೂದಿಯ ಮೇಲೆ ಉರುಳಿದ ಹಾಪರ್

ನನ್ನ ಅಜ್ಜಿ ಮಾಗ್ದಲೀನಾಳ ಕತೆಗಳಲ್ಲಿ ಮೋಸ ಮಾಡಿದವನು ಕೊನೆಗೆ ಹಾವಾಗುತ್ತಿದ್ದ, ಇಲ್ಲವೇ ಕಲ್ಲಾಗುತ್ತಿದ್ದ. ಶೇಖಪ್ಪ ಸಾವ್ಕಾರ ಎರಡೂ ಆಗಲಿಲ್ಲ. ಹಳಿಯಾಳದ ತನ್ನ ತಗಡಿನ ಕಾರಖಾನೆಯಲ್ಲಿ ಕಾಲಮೇಲೆ ಕಾಲು ಹಾಕಿ ಚಹಾ ಕುಡಿಯುತ್ತಿದ್ದ. ಅದೇ ನನಗೆ ಸಹಿಸಲಾಗಲಿಲ್ಲ.

ನನ್ನ ಅಪ್ಪ ಇನಾಸ ಅಲ್ಲಿ ಹನ್ನೆರಡು ವರ್ಷ ಗುರುತು ಹಾಕುವ ಕೆಲಸ ಮಾಡಿದ್ದ. ಏನೇ ಮಾಡಬೇಕಾದರೂ ಮೊದಲು ಅದನ್ನು ಬಿಚ್ಚಿ ಹಾಸಿದರೆ ತಗಡು ಹೇಗಿರುತ್ತದೋ ಹಾಗೆ, ಪೂರ್ತಿ ಅಳತೆಯಲ್ಲಿ ಕಾಗದದ ಮೇಲೆ ಬರೆಯುತ್ತಿದ್ದ. ಉಳಿದವರು ಅದನ್ನು ನೋಡಿ ತಗಡು ಕತ್ತರಿಸುತ್ತಿದ್ದರು. ೧೯೭೯ರ ಮಳೆಗಾಲದಲ್ಲಿ ದುರ್ಗಪ್ಪನವರ ಅಕ್ಕಿ ಗಿರಣಿಗೆ ಹಾಪರ್ ಬೇಕಾಯಿತು. ಹಾಪರ್ ಅಂದರೆ ಭತ್ತ ಸುರಿಯುವ ದೊಡ್ಡ ಲಾಳಿಕೆ: ಮೇಲಿನ ಬಾಯಿ ಎರಡು ಅಡಿ ಅಗಲ, ಕೆಳಗಿನದು ಒಂದು ಅಡಿ, ಓರೆ ಮೈ ಮೂರು ಅಡಿ. ಅಪ್ಪ ಬರೆದ ಕಾಗದ ಬೀಸಣಿಗೆಯ ಹಾಗಿತ್ತು, ಮೇಲೂ ಕಮಾನು, ಕೆಳಗೂ ಕಮಾನು. ಕಮಾನಿಗೆ ತಗಡು ಹೆಚ್ಚು ಹೋಗುತ್ತದೆಂದು ಶೇಖಪ್ಪ ತಾನೇ ಕತ್ತರಿ ಹಿಡಿದು ಎರಡೂ ಅಂಚನ್ನು ನೆಟ್ಟಗೆ ಕತ್ತರಿಸಿದ. ಸುತ್ತಿ ನಿಲ್ಲಿಸಿದರೆ ಬಾಯಿ ಒಂದು ಕಡೆ ಜೋತುಬಿತ್ತು. ಗಿರಣಿಯವರು ವಾಪಸ್ ಕಳಿಸಿದರು.

"ಗುರುತು ತಪ್ಪಿದ್ದು ಇನಾಸಂದು. ಈ ಸಿದ್ದಿ ಮಂದಿ ತಲಿಯೊಳಗ ಲೆಕ್ಕ ಎಲ್ಲಿ ನಿಲ್ತೈತ್ರಿ?" ಎಂದು ಎಲ್ಲರೆದುರು ಹೇಳಿ ಅಪ್ಪನನ್ನು ಹೊರಗೆ ಹಾಕಿದ.

ಮಾತು ಊರು ತುಂಬ ಹರಡಿತು. ಗುರುತು ಹಾಕಲು ಯಾರೂ ಅಪ್ಪನ ಕೈಗೆ ಸೀಮೆಸುಣ್ಣ ಕೊಡಲಿಲ್ಲ. ಅವನು ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ದಿಮ್ಮಿ ಹೊರತೊಡಗಿದ. ಆ ಗುರುತಿನ ಇನ್ನೊಂದು ಪ್ರತಿ ಮನೆಯಲ್ಲಿತ್ತು. ತೋರಿಸೋಣ ಎಂದರೆ, "ಈಗ ಮನ್ಯಾಗ ಕುಂತು ಬರದಿದ್ದು ಅಂತಾರ. ಬಿಡವ್ವಾ ಕ್ರಿಸ್ತಿನಾ," ಅನ್ನುತ್ತಿದ್ದ. ನಾನು ಬಿಡಲಿಲ್ಲ. ದಿನಾ ಪಾತ್ರೆ ತಿಕ್ಕುವಾಗ ಶೇಖಪ್ಪನನ್ನು ಒಂದೊಂದು ಬಗೆಯ ಹಾವು ಮಾಡುತ್ತಿದ್ದೆ.

ಹಾಗೆ ಒಂದು ಬೆಳಿಗ್ಗೆ, ಬಾಯಿ ಅಗಲ, ಬುಡ ಸಣ್ಣದಿದ್ದ ಲೋಟವೊಂದು ಕೈಜಾರಿ ಚೆಲ್ಲಿದ ಬೂದಿಯ ಮೇಲೆ ಉರುಳಿತು. ನೆಟ್ಟಗೆ ಹೋಗದೆ ತಿರುಗಿ ನನ್ನ ಕಡೆಗೇ ಬಂತು. ಎತ್ತಿ ನೋಡಿದರೆ ಬೂದಿಯಲ್ಲಿ ಬೀಸಣಿಗೆ ಮೂಡಿತ್ತು, ಅಪ್ಪ ಬರೆಯುವಂಥದ್ದೇ. ಉರುಳಿಸಿದರೆ ಸಾಕು, ತಾನು ಯಾವ ಆಕಾರದ ತಗಡಿನಿಂದ ಹುಟ್ಟಿದೆನೆಂದು ಲೋಟವೇ ಹೇಳುತ್ತಿತ್ತು.

ಆ ವರ್ಷದ ಖಂಡೇನವಮಿಯ ದಿನ ಕಾರಖಾನೆಯಲ್ಲಿ ಉಪಕರಣಗಳ ಪೂಜೆ ಮುಗಿದಿತ್ತು. ದುರ್ಗಪ್ಪನವರೂ ಸೇರಿ ಗಿರಾಕಿಗಳೆಲ್ಲ ಇದ್ದರು. ನಾನು ಅಪ್ಪನನ್ನು ಎಳೆದುಕೊಂಡು, ಮನೆಯಲ್ಲಿದ್ದ ಆ ಕಾಗದವನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟು, ಒಂದು ಬುಟ್ಟಿ ಬೂದಿ ಹೊತ್ತು ಒಳಗೆ ಹೋದೆ.

"ಏನವಾ, ಪಾತ್ರಿ ತಿಕ್ಕಾಕ ಬಂದೀ ಏನು?" ಅಂದ ಶೇಖಪ್ಪ. ಕೆಲವರು ನಕ್ಕರು.

"ಹೂಂ ರೀ ಸಾವ್ಕಾರ್ರ. ಇಲ್ಲಿ ಭಾಳ ಹೊಲಸು ಐತಿ."

ಅಂಗಳದ ತುಂಬ ಬೂದಿ ಹರವಿದೆ. ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದ ಆ ಹಾಪರನ್ನು ತಗಡು ಕತ್ತರಿಸುವ ಯಲ್ಲಪ್ಪ ತಂದುಕೊಟ್ಟ. ಅದರ ಬೆಸುಗೆಯನ್ನು ನೆಲಕ್ಕೆ ತಾಗಿಸಿ, ಅದೇ ಬೆಸುಗೆ ಮತ್ತೆ ನೆಲ ಮುಟ್ಟುವವರೆಗೆ ಒಂದು ಸುತ್ತು ಉರುಳಿಸಿದೆ. ಬೂದಿಯಲ್ಲಿ ಮೇಲಿನ ಅಂಚೂ ಕೆಳಗಿನ ಅಂಚೂ ನೆಟ್ಟಗೆ ಬಿದ್ದವು. ಅದರ ಮೇಲೆ ಅಪ್ಪನ ಕಾಗದ ಹಾಸಿದೆ. ಎರಡೂ ಪಕ್ಕ ಸರಿಯಾಗಿ ಕೂತವು. ಮೇಲಿನ ಕಮಾನು ಮಾತ್ರ ಹೊರಗೆ ಉಬ್ಬಿ ನಿಂತಿತು.

ದುರ್ಗಪ್ಪನವರು ಬಗ್ಗಿ ನೋಡಿದರು. "ಅಂದ್ರ ಬರದಾಂವ ಸರಿ ಬರದಾನ. ಕತ್ತರಿಸಿದಾಂವ ಯಾರಪಾ?"

"ಅವತ್ತ ನಮ್ಮ ಕೈಗೆ ಕತ್ತರಿ ಕೊಡಲೇ ಇಲ್ಲರಿ," ಅಂದ ಯಲ್ಲಪ್ಪ, ಮುಖ ಬೇರೆ ಕಡೆ ಮಾಡಿ.

ಈ ಸಲ ನಗು ಶೇಖಪ್ಪನ ಕಡೆ ತಿರುಗಿತ್ತು. ನನಗದು ಸಾಲಲಿಲ್ಲ. "ಸಾವ್ಕಾರ್ರ, ನೀವ ಒಮ್ಮೆ ಬರದು ತೋರಸ್ರಿ. ನಿಮ್ಮ ತಲಿಯೊಳಗ ಲೆಕ್ಕ ನಿಲ್ತೈತಲ್ಲ."

ಶೇಖಪ್ಪನ ಕಿವಿ ಕೆಂಪಾದವು. "ಇವತ್ತ ಹತ್ಯಾರ ಮುಟ್ಟಬಾರದು."

ಅಲ್ಲಿಯವರೆಗೆ ಗೋಡೆಗೆ ಒರಗಿದ್ದ ಅಪ್ಪ ಮುಂದೆ ಬಂದ. ಚೆಂಡುಹೂವಿನ ಮಾಲೆ ಕಟ್ಟಿ ಉಳಿದ ದಾರ ಎತ್ತಿಕೊಂಡು, "ದಾರ ಹತ್ಯಾರ ಅಲ್ಲರಿ," ಅಂದ. ಓರೆ ಮೈಯ ದುಪ್ಪಟ್ಟು, ಆರು ಅಡಿ ಅಳೆದು ಒಂದು ತುದಿಯನ್ನು ಶೇಖಪ್ಪನ ಕೈಗಿಟ್ಟ. "ಕಮಾನಿನ ಕೇಂದ್ರ ಇಲ್ಲಿ ಬರ್ತೈತಿ. ಬೆರಳಿಲೆ ಒತ್ತಿ ಹಿಡೀರಿ."

ದುರ್ಗಪ್ಪನವರು ನೋಡುತ್ತಿದ್ದರು. ಶೇಖಪ್ಪ ಹೊಸ ಧೋತರ ಮೇಲೆತ್ತಿ ಬೂದಿಯಲ್ಲಿ ಕುಕ್ಕರಗಾಲಲ್ಲಿ ಕೂತ. ಅಪ್ಪ ದಾರದ ಇನ್ನೊಂದು ತುದಿ ಹಿಡಿದು ಮೆಲ್ಲಗೆ ಸರಿಯುತ್ತ ಗೆರೆ ಎಳೆದ.

"ಅಲುಗಬ್ಯಾಡ್ರಿ ಸಾವ್ಕಾರ್ರ."

ಕಮಾನು ಮುಗಿಯಿತು. ಕೂದಲೆಳೆಯಷ್ಟೂ ಸೊಟ್ಟಗಿರಲಿಲ್ಲ. "ಇನಾಸ, ನಾಳಿಂದ ಗಿರಣಿಗೆ ಬಾ. ನನ್ನ ಹಾಪರ್ ಅಲ್ಲೇ ಕುಂತು ಮಾಡು," ಅಂದರು ದುರ್ಗಪ್ಪನವರು.

"ಬರ್ತೇನ್ರಿ," ಅಂದ ಅಪ್ಪ.

ಶೇಖಪ್ಪ ಮೊಣಕಾಲು ಹಿಡಿದು ಏಳಹೋದ. ನನ್ನ ಅಪ್ಪನಿಗೆ ಸಿಟ್ಟೇ ಇಲ್ಲವೆಂದು ನಾನು ಅಷ್ಟು ದಿನ ಕೊರಗಿದ್ದೆ. ಅಪ್ಪ ಆ ಕಮಾನನ್ನು ಒಮ್ಮೆ ನೋಡಿದ, ಶೇಖಪ್ಪನನ್ನು ಒಮ್ಮೆ ನೋಡಿದ. ಆಮೇಲೆ ಅಂಗೈಯಿಂದ ಇಡೀ ಗೆರೆಯನ್ನು ಅಳಿಸಿಹಾಕಿದ.

"ಕುಂದರ್ರಿ," ಅಂದ. "ಇನ್ನೊಮ್ಮೆ ಬರೀತೇನಿ."