ಅವಳು ಬಿಟ್ಟುಹೋದ ಹೊಲಿಗೆ

ಹೆಂಡತಿ ತೀರಿಕೊಂಡು ಹನ್ನೆರಡು ದಿನವಾಗಿತ್ತು. ಅಷ್ಟರಲ್ಲಿ ನನಗೆ ಸಿಕ್ಕ ಬುದ್ಧಿಮಾತನ್ನೆಲ್ಲ ಬೈಂಡ್ ಮಾಡಿದ್ದರೆ ನಾಲ್ಕು ಸಂಪುಟವಾಗುತ್ತಿತ್ತು. ನಾನು ಪುಸ್ತಕ ಬೈಂಡ್ ಮಾಡುವವನು. ಹೊಲಿಗೆ ಅವಳದು, ಅಂಟು, ರಟ್ಟು ನನ್ನದು. ಇಪ್ಪತ್ತಾರು ವರ್ಷ ಹೀಗೇ ನಡೆದಿತ್ತು.

ಮೇಜಿನ ಮೇಲೆ ಚರ್ಚಿನ ದೊಡ್ಡ ಬೈಬಲ್ಲು ಅರ್ಧ ಹೊಲಿದು ನಿಂತಿತ್ತು. ಮಡಿಸಿದ ಹಾಳೆಗಳ ಒಂದೊಂದೇ ಕಟ್ಟನ್ನು ಸೇರಿಸುತ್ತ ಬಂದವಳು, ಎಲ್ಲವನ್ನೂ ಕಳೆದುಕೊಂಡ ಯೋಬನ ಕಥೆಯ ಹತ್ತಿರ ಸೂಜಿ ಚುಚ್ಚಿಟ್ಟು ಆಸ್ಪತ್ರೆಗೆ ಹೋದಳು, ಬರಲಿಲ್ಲ. ಆ ಸೂಜಿ ಮುಟ್ಟಲು ನನಗೆ ಕೈ ಬರುತ್ತಿರಲಿಲ್ಲ. ಬೇರೆ ಬೈಂಡರಿಗೆ ಕೊಟ್ಟರೆ ಅವನು ಮೊದಲು ಹಳೆಯ ದಾರವನ್ನೆಲ್ಲ ಕತ್ತರಿಸಿ ಎಸೆಯುತ್ತಾನೆ. ನಮ್ಮ ಕಸುಬಿನಲ್ಲಿ ಇನ್ನೊಬ್ಬರ ಹೊಲಿಗೆಯನ್ನು ಯಾರೂ ಮುಂದುವರಿಸುವುದಿಲ್ಲ. ಅವಳ ಕೈಯ ಕೊನೆಯ ಕೆಲಸ ಅದು, ಅದನ್ನು ಕತ್ತರಿಸಲು ಬಿಡುವ ಮನಸ್ಸು ನನಗಿರಲಿಲ್ಲ.

ಅವತ್ತು ಮಧ್ಯಾಹ್ನ ಇಬ್ಬರು ಗೆಳೆಯರು ಬಂದರು: ನಿವೃತ್ತ ಮೇಷ್ಟ್ರು ಮತ್ತು ಪಕ್ಕದಂಗಡಿಯ ಗಡಿಯಾರ ರಿಪೇರಿಯವನು.

"ದೇವ್ರು ಸುಮ್‌ಸುಮ್ನೆ ಯಾರಿಗೂ ಕಷ್ಟ ಕೊಡಲ್ಲ ಕಣಯ್ಯ," ಮೇಷ್ಟ್ರು ಕೂರುವ ಮೊದಲೇ ಶುರುಮಾಡಿದರು. "ನಿನ್ನಿಂದ ಏನು ತಪ್ಪಾಗಿದೆ ಅಂತ ಯೋಚ್ನೆ ಮಾಡು. ಈ ಬೈಬಲ್ನ ಬೇರೆಯವ್ರಿಗೆ ಕೊಟ್ಟು ಕೈ ತೊಳ್ಕೊಂಡ್ಬಿಡು."

"ನಾನು ಅವತ್ತೇ ಹೇಳ್ದೆ, ಬೇರೆ ಡಾಕ್ಟ್ರಿಗೆ ತೋರ್ಸು ಅಂತ," ಎಂದ ಗಡಿಯಾರದವನು.

ಮೈಯೆಲ್ಲ ಉರಿದುಹೋಯಿತು. ಮೇಷ್ಟ್ರದು ಬಿಡಿ, ಎದುರಿಗೆ ಯಾರು ಕೂತರೂ ಅವರಿಗೆ ಪಾಠ ಬರುತ್ತದೆ. ಇವನು ನನ್ನ ಮೂವತ್ತು ವರ್ಷದ ಗೆಳೆಯ! ಇನ್ನೂ ಹೊಲಿಯದೆ ಉಳಿದಿದ್ದ ಯೋಬನ ಕಟ್ಟನ್ನು ಎತ್ತಿ ಗೋಡೆಗೆ ಎಸೆದೆ.

"ಈ ಯೋಬನಿಗೂ ಗೆಳೆಯರಿದ್ರು! ಎಲ್ಲಾ ಕಳ್ಕೊಂಡೋನ ಪಕ್ಕ ಏಳು ದಿನ ನೆಲದ ಮೇಲೆ ಕೂತ್ರು, ತುಟಿಪಿಟಕ್ ಅನ್ಲಿಲ್ಲ. ಬಾಯಿ ಬಿಟ್ಮೇಲೇ ಎಲ್ಲಾ ಕೆಟ್ಟಿದ್ದು. ನೀವು ಏಳು ನಿಮಿಷನಾದ್ರೂ ಸುಮ್ನಿರೋಕಾಗಲ್ವಾ?"

"ಒಳ್ಳೇದು ಹೇಳೋಕೆ ಬಂದ್ರೆ..." ಎಂದು ಗೊಣಗುತ್ತ ಮೇಷ್ಟ್ರು ಚಪ್ಪಲಿ ಮೆಟ್ಟಿ ಹೊರಟುಹೋದರು. ಗಡಿಯಾರದವನೂ ಎದ್ದ. ಹಾಳಾಗಿ ಹೋಗು, ನೀನೂ ಹೋಗು ಎಂದುಕೊಂಡೆ. ಅವನು ಹೋದದ್ದು ಗೋಡೆಯ ಹತ್ತಿರ. ಕಟ್ಟನ್ನು ಎತ್ತಿ, ಧೂಳು ಒರೆಸಿ, ಅವಳ ಸ್ಟೂಲಿನ ಮೇಲೆ ಕುಳಿತ. ದಿನಾ ಇಲ್ಲೇ ಚಹಾ ಕುಡಿಯುತ್ತ ಅವಳು ಹೊಲಿಯುವುದನ್ನು ನೋಡಿದವನು. ಕಣ್ಣಿಗೆ ತನ್ನ ಭೂತಗನ್ನಡಿ ಸಿಕ್ಕಿಸಿಕೊಂಡು, ಅವಳ ಸೂಜಿಯಿಂದಲೇ ಹೊಲಿಯತೊಡಗಿದ. ಬೇಡ ಎನ್ನಲು ಬಾಯಿ ತೆರೆದವನು ಮುಚ್ಚಿಕೊಂಡೆ. ಒಂದು ಗಂಟೆ ಇಬ್ಬರೂ ಮಾತಾಡಲಿಲ್ಲ. ನಾನು ಅತ್ತೆ. ಅವನು ತಲೆ ಎತ್ತಲಿಲ್ಲ.

ಆಮೇಲೆ ಹತ್ತಿರ ಹೋಗಿ ನೋಡಿದೆ. ಹೊಲಿಗೆ ಅಚ್ಚುಕಟ್ಟಾಗಿತ್ತು. ಹಾಳೆಗಳು ಮಾತ್ರ ತಲೆಕೆಳಗು.

"ಪೆದ್ದ, ಉಲ್ಟಾ ಹೊಲ್ದಿದೀಯಲ್ಲೋ."

ಅವನ ಮುಖ ಪೆಚ್ಚಾಯಿತು. "ಹಾಗಾದ್ರೆ... ಬೇರೆಯವ್ರಿಗೇ ಕೊಡೋಣ್ವಾ?"

"ಏನೂ ಬೇಡ. ನಿಂದಷ್ಟೇ ಬಿಚ್ಚೋಣ, ಅವಳದು ಹಾಗೇ ಇರ್ಲಿ." ದಾರದ ಉಂಡೆಯನ್ನು ಅವನ ಕಡೆ ತಳ್ಳಿದೆ. "ನಾಳೆನೂ ಬಾ. ಹೀಗೇ ಬಾಯಿ ಮುಚ್ಕೊಂಡು ಬಾ."