ಟವೆಲಿನ ಹಾಜರಿ

ಹಾಸುಬಟ್ಟೆಯ ಎರಡು ಮೂಲೆ ದೊಡ್ಡಕ್ಕನ ಕೈಯಲ್ಲಿ, ಇನ್ನೆರಡು ತಂಗಿಯ ಕೈಯಲ್ಲಿ. ಒಮ್ಮೆ ಜಗ್ಗಿ, ಒಮ್ಮೆ ಕೊಡವಿ, ಎದುರುಬದುರು ನಡೆದು ಬಂದು ಅಂಚಿಗೆ ಅಂಚು ಸೇರಿಸುವಷ್ಟರಲ್ಲಿ ದೊಡ್ಡಕ್ಕನ ಎಡಗೈಯ ಬ್ಯಾಂಡ್ ಗುರ್ರೆಂದಿತು. ಕೆಂಪು ದೀಪ.

"ಬಂತು ನೋಡು ಯಮನ ಕರೆ. ಮೂಲೆ ಬಿಡ್ಬೇಡ ಅಕ್ಕ, ನೆಲಕ್ಕೆ ಬಿದ್ರೆ ಮತ್ತೆ ಒಗೀಬೇಕು," ಎಂದಳು ತಂಗಿ.

ದೊಡ್ಡಕ್ಕ ಬಿಡಲಿಲ್ಲ. ಮಡಿಕೆ ಮುಗಿಸಿ, ಬಟ್ಟೆಯನ್ನು ರಾಶಿಯ ಮೇಲಿಟ್ಟು, ಆಮೇಲೆ ಮಣಿಕಟ್ಟು ನೋಡಿಕೊಂಡಳು. ಬ್ಯಾಂಡ್ ಇದ್ದಲ್ಲೇ ಇತ್ತು. ಇನ್ನೊಂದು ತೂತು ಬಿಗಿದರೆ ಬೆರಳು ನೀಲಿಯಾಗುತ್ತಿತ್ತು.

ಅದೊಂದು ದೊಡ್ಡ ಆಸ್ಪತ್ರೆಯ ಲಾಂಡ್ರಿ. ದೊಡ್ಡಕ್ಕ ಅಲ್ಲಿ ಇಸ್ತ್ರಿಗೆ ನಿಂತು ಮೂವತ್ತೊಂದು ವರ್ಷ. ಹಾಜರಿ ನೋಡುವ ಬ್ಯಾಂಡ್ ಎಲ್ಲರ ಎಡಗೈಗೆ ಬಂದು ಆರು ತಿಂಗಳು. ಅದರ ಹೊಟ್ಟೆಯಡಿ ಸಾಸಿವೆ ಕಾಳಿನಷ್ಟು ಎರಡು ಲೋಹದ ಚುಕ್ಕೆಗಳು. ಅವಕ್ಕೆ ಚರ್ಮದ ಪಸೆ ತಗುಲಿದ್ದರೆ ಹಸಿರು ದೀಪ, ಮನುಷ್ಯ ಕೆಲಸದಲ್ಲಿದ್ದಾನೆ ಎಂದು ಲೆಕ್ಕ. ತಗುಲದಿದ್ದರೆ ಕೆಂಪು, ಮೇಲಿನ ಆಫೀಸಿನ ಪರದೆಯಲ್ಲಿ 'ಬ್ಯಾಂಡ್ ಬಿಚ್ಚಿದ್ದಾರೆ' ಎಂಬ ಸಾಲು. ಇವಳಿಗೆ ಆಗಲೇ ಎರಡು ನೋಟಿಸು ಬಂದಿದ್ದವು. ಎರಡರಲ್ಲೂ ಒಂದೇ ಮಾತು: ಕೆಲಸ ತಪ್ಪಿಸಲು ಬ್ಯಾಂಡ್ ಬಿಚ್ಚಿದ್ದೀರಿ. ಮೂರನೆಯದು ಬಂದರೆ ಮನೆಗೆ.

ಕೆಲಸ ಹೋಗುವ ಭಯಕ್ಕಿಂತ ಆ ಒಂದು ವಾಕ್ಯವೇ ಅವಳನ್ನು ಹೆಚ್ಚು ಸುಡುತ್ತಿತ್ತು. ಬಟ್ಟೆ ಒಣಗಿದೆಯೋ ಇಲ್ಲವೋ ಎಂದು ಇಸ್ತ್ರಿಯವರು ಬೆರಳಿನಿಂದ ನೋಡುವುದಿಲ್ಲ. ಕಾವಿಗೆ ಬೆರಳು ಎಂದೋ ಜಡ್ಡುಗಟ್ಟಿರುತ್ತದೆ. ಬಲಗೈಯಲ್ಲಿ ಬಟ್ಟೆ ಎತ್ತಿ ಎಡ ಮಣಿಕಟ್ಟಿಗೆ ಒತ್ತಿ ನೋಡಬೇಕು. ಮಗ್ಗುಲು ಬದಲಿಸಲಾಗದ ರೋಗಿಯ ಬೆನ್ನಿಗೆ ತೇವದ ಬಟ್ಟೆ ತಗುಲಿದರೆ ಹುಣ್ಣಾಗುತ್ತದೆ. ಹಾಗೆ ಮೂವತ್ತೊಂದು ವರ್ಷ ಬಿಸಿ ಬಟ್ಟೆ ಒತ್ತಿ ಒತ್ತಿ, ಹಬೆ ಯಂತ್ರದ ಮುಚ್ಚಳ ತಾಗಿ ತಾಗಿ, ಅವಳ ಮಣಿಕಟ್ಟಿನ ಸುತ್ತ ಚರ್ಮ ಒಣಗಿ, ಬಿರಿದು, ಹಳೆಯ ಚಪ್ಪಲಿಯ ತೊಗಲಿನಂತಾಗಿತ್ತು. ಎಷ್ಟು ಸಣ್ಣ ತೇವವನ್ನಾದರೂ ಆ ತೊಗಲು ಕಂಡುಹಿಡಿಯುತ್ತಿತ್ತು. ಆ ತೊಗಲನ್ನು ಮಾತ್ರ ಬ್ಯಾಂಡ್ ಕಂಡುಹಿಡಿಯುತ್ತಿರಲಿಲ್ಲ.

ಬ್ಯಾಂಡ್ ಕಂಪನಿಯ ಹುಡುಗ ಒಮ್ಮೆ ಬಂದು ನೋಡಿದ್ದ. "ಯಂತ್ರ ಸರಿಯಾಗೇ ಇದೆ. ನಿಮ್ಮ ಚರ್ಮಾನೇ ದಪ್ಪ," ಎಂದಿದ್ದ.

"ದಪ್ಪ ಚರ್ಮದೋರು ಮೇಲಿನ ಆಫೀಸಲ್ಲೂ ಇದಾರಲ್ಲಪ್ಪ, ಅವ್ರಿಗೆ ಹಸಿರು ಹೆಂಗೆ ಬರುತ್ತೆ?" ಎಂದು ತಂಗಿ ಕೇಳಿದ್ದಕ್ಕೆ ಅವನು ಪೆಟ್ಟಿಗೆ ಮುಚ್ಚಿಕೊಂಡು ಹೋಗಿದ್ದ.

ಮೊದಲ ನೋಟಿಸು ಬಂದ ವಾರವೇ ದೊಡ್ಡಕ್ಕ ಕಾರ್ಮಿಕ ಅಧಿಕಾರಿಗೆ ಒಂದು ಪತ್ರ ಬರೆದಿದ್ದಳು. 'ನಾನು ಬ್ಯಾಂಡ್ ಬಿಚ್ಚಿಲ್ಲ' ಎಂದು ಶುರು. ಕೊನೆಯಲ್ಲಿ 'ಸಾಕ್ಷಿ' ಎಂದು ಬರೆದು ಜಾಗ ಬಿಟ್ಟಿದ್ದಳು. ತಂಗಿ ಸಹಿ ಹಾಕಲಿಲ್ಲ. "ಇಬ್ರೂ ಒಟ್ಟಿಗೆ ಮನೇಲಿ ಕೂತ್ರೆ ಒಲೆ ಹಚ್ಚೋರು ಯಾರು?" ಎಂದಳು. ಲಾಂಡ್ರಿಯ ಮೇಸ್ತ್ರಿ, "ತಡೀರಿ ದೊಡ್ಡಕ್ಕ, ನಾನು ಸರಿ ಮಾಡಿಸ್ತೀನಿ," ಎಂದ. ತಾಳಿದವರು ಬಾಳಿಯಾರು ಎಂದುಕೊಂಡು ಅವಳೂ ತಡೆದಳು. ಐದು ತಿಂಗಳಾಯಿತು. ಪತ್ರ ಅವಳ ಕಪಾಟಿನಲ್ಲಿ, ಮಡಿಸಿಟ್ಟ ಏಪ್ರನ್ನಿನ ಅಡಿಯಲ್ಲಿ, ಇಸ್ತ್ರಿ ಮಾಡಿದಂತೆ ಚಪ್ಪಟೆಯಾಗಿ ಮಲಗಿತ್ತು.

ಈ ದಿನ ಕೆಂಪು ದೀಪ ಬಂದು ಐದು ನಿಮಿಷಕ್ಕೆ ಮೇಸ್ತ್ರಿ ಓಡಿ ಬಂದ. "ದೊಡ್ಡಕ್ಕ, ದಮ್ಮಯ್ಯ ಅಂತೀನಿ. ಇವತ್ತು ಇನ್ನೊಂದು ಸಲ ಕೆಂಪಾದ್ರೆ ಮೂರನೇ ನೋಟಿಸು. ನನ್ನ ಕೈಯಿಂದ ಅದನ್ನ ಕೊಡಿಸ್ಬೇಡಿ."

"ಅಂಗೈ ಹುಣ್ಣಿಗೆ ಕನ್ನಡಿ ಯಾಕೋ? ಕೈ ಇಲ್ಲೇ ಇದೆ, ಬ್ಯಾಂಡೂ ಇಲ್ಲೇ ಇದೆ, ನಿನ್ನ ಕಣ್ಣೂ ಇಲ್ಲೇ ಇದೆ!"

"ನನ್ನ ಕಣ್ಣನ್ನ ಯಾರು ಕೇಳ್ತಾರೆ?" ಎಂದು ಅವನು ಹೋದ.

ಊಟದ ಹೊತ್ತಿನಲ್ಲಿ ಬ್ಯಾಂಡ್ ಬಿಚ್ಚಲು ಅನುಮತಿ ಇತ್ತು. ಕೈ ತೊಳೆಯುವಾಗ ಕೈಗಡಿಯಾರ ಮೋರಿಗೆ ಬೀಳದಿರಲೆಂದು ಇಸ್ತ್ರಿಯ ಹೆಂಗಸರು ಒಂದು ಟವೆಲನ್ನು ಸುರುಳಿ ಸುತ್ತಿ, ಅದಕ್ಕೆ ಗಡಿಯಾರ ಕಟ್ಟಿ ಗೂಡಿನಲ್ಲಿಡುವುದು ಹಳೆಯ ರೂಢಿ. ದೊಡ್ಡಕ್ಕ ಅದೇ ರೂಢಿಯಲ್ಲಿ ಬ್ಯಾಂಡನ್ನೂ ಒಂದು ಒದ್ದೆ ಟವೆಲಿಗೆ ಬಿಗಿದಿಟ್ಟಳು. ಅಷ್ಟರಲ್ಲಿ ಆಪರೇಷನ್ ಕೋಣೆಯ ಬಟ್ಟೆಯ ಗಾಡಿ ಬಂತು. ತುರ್ತು ಎಂದರು. ಅರ್ಧ ಊಟಕ್ಕೇ ಎದ್ದು, ಹಬೆಯಲ್ಲಿ ಮುಳುಗಿದವಳಿಗೆ ಬ್ಯಾಂಡಿನ ನೆನಪೇ ಆಗಲಿಲ್ಲ.

ಸಂಜೆ ಮೇಸ್ತ್ರಿ ಮುಖ ಅರಳಿಸಿಕೊಂಡು ಬಂದ. "ಗೆದ್ರಿ ದೊಡ್ಡಕ್ಕ! ಊಟ ಆದ್ಮೇಲೆ ಒಂದೇ ಒಂದು ಕೆಂಪಿಲ್ಲ. ನಾಲ್ಕು ಗಂಟೆ ಪೂರ್ತಿ ಹಸಿರು. ನಾನು ಹೇಳ್ಲಿಲ್ವಾ, ಮನಸ್ಸಿಟ್ಟು ಹಾಕ್ಕೊಂಡ್ರೆ ಆಗುತ್ತೆ ಅಂತ?"

ದೊಡ್ಡಕ್ಕ ತನ್ನ ಬರಿಗೈ ನೋಡಿದಳು. ತಂಗಿ ನೋಡಿದಳು. ಕೊನೆಗೆ ಮೇಸ್ತ್ರಿಯೂ ನೋಡಿದ. ಮೂವರೂ ಗೂಡಿನ ಹತ್ತಿರ ಹೋದರು. ಒದ್ದೆ ಟವೆಲು ಬ್ಯಾಂಡ್ ತೊಟ್ಟು, ಹಸಿರು ದೀಪ ಉರಿಸಿಕೊಂಡು, ಮಗುವಿನಂತೆ ಮಲಗಿತ್ತು.

"ಪಾಪ, ಮಧ್ಯಾಹ್ನದಿಂದ ದುಡೀತಿದೆ, ಊಟಾನೂ ಮಾಡಿಲ್ಲ," ಎಂದು ತಂಗಿ ಬಿದ್ದು ಬಿದ್ದು ನಕ್ಕಳು.

ದೊಡ್ಡಕ್ಕ ನಗಲಿಲ್ಲ.

ಮೇಸ್ತ್ರಿ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಬಾಯಿ ಬಿಡ್ಬೇಡಿ. ದಿನಾ ಹಿಂಗೇ ಕಟ್ಟಿಡಿ. ನಿಮ್ಗೂ ನೆಮ್ಮದಿ, ನನ್ಗೂ ನೆಮ್ಮದಿ."

"ಏನಂದೆ?" ಅವಳ ದನಿ ಹಬೆ ಯಂತ್ರದ ಸದ್ದಿನ ಮೇಲೂ ಕೇಳಿಸಿತು. "ನಿಂಗೆ ಮೂಲೆ ಹಿಡಿಯೋದು ಕಲಿಸಿದ್ದು ಇದೇ ಕೈ ಕಣೋ. ಸತ್ಯವಾಗಿ ದುಡಿದಾಗೆಲ್ಲ ನಾನು ಕಳ್ಳಿ. ಇವತ್ತು ಬಿಚ್ಚಿಟ್ಟಿದೀನಿ, ಇವತ್ತು ನಾನು ಸಾಚಾ! ನಾನು ಇದೀನಿ ಅಂತ ಟವೆಲು ಸಾಕ್ಷಿ ಹೇಳ್ಬೇಕಾ?"

"ಬಿಚ್ಚಿದ್ದೆ ಅಂತ ಹೊರಗೆ ಹೇಳಿದ್ರೆ ನೀವೇ ಮೂರನೇ ನೋಟಿಸು ಬರ್ಕೊಂಡ ಹಾಗೆ, ದೊಡ್ಡಕ್ಕ."

"ಬರ್ಕೋತೀನಿ. ನಿಜವಾದ ತಪ್ಪಿಗೆ ಬರೋ ನೋಟಿಸು ಇದೊಂದೇ."

ಅವಳು ಕಪಾಟಿನಿಂದ ಪತ್ರ ತೆಗೆದು ಇಸ್ತ್ರಿ ಮೇಜಿನ ಮೇಲೆ ಹರಡಿದಳು. ಐದು ತಿಂಗಳ ಹಿಂದಿನ ಅಕ್ಷರಗಳ ಕೆಳಗೆ, ಅವಸರವಿಲ್ಲದೆ ಬರೆದಳು: 'ಇಂದು ಮಧ್ಯಾಹ್ನದಿಂದ ನಾಲ್ಕು ಗಂಟೆ ಕಾಲ ನಾನು ಬ್ಯಾಂಡ್ ಬಿಚ್ಚಿಟ್ಟಿದ್ದೆ. ಆ ನಾಲ್ಕು ಗಂಟೆಯೂ ನಾನು ಧರಿಸಿದ್ದೇನೆಂದು ಅದು ಹೇಳಿದೆ. ನನ್ನ ಮಾತು ನಂಬಬೇಡಿ. ಒಂದು ಒದ್ದೆ ಟವೆಲು ತೆಗೆದುಕೊಂಡು ಬನ್ನಿ.'

ತಂಗಿಯ ನಗು ಅಷ್ಟರಲ್ಲಿ ನಿಂತಿತ್ತು. ಅವಳು ಕಣ್ಣೊರೆಸಿಕೊಂಡು ಕೈ ಚಾಚಿದಳು. "ಕೊಡು ಇಲ್ಲಿ ಪೆನ್ನು."

"ಒಲೆ ಹಚ್ಚೋರು ಯಾರು ಅಂದಿದ್ಯಲ್ಲ?"

"ಟವೆಲು ಹಚ್ಚುತ್ತೆ ಬಿಡು. ಕೊಡಕ್ಕ, ನನ್ನ ಮನಸ್ಸು ಬದಲಾದೀತು."

ಅವಳು ಸಾಕ್ಷಿಯ ಜಾಗದಲ್ಲಿ ದೊಡ್ಡದಾಗಿ ಸಹಿ ಹಾಕಿದಳು. ಮೇಸ್ತ್ರಿ ಗೋಡೆಯ ಗಡಿಯಾರವನ್ನೇ ನೋಡುತ್ತ ನಿಂತ. ದೊಡ್ಡಕ್ಕ ಟವೆಲನ್ನು ಬ್ಯಾಂಡಿನ ಸಮೇತ ಎತ್ತಿ ಅವನ ಎರಡೂ ಕೈಗೆ ಇಟ್ಟಳು. ಹಸಿರು ಇನ್ನೂ ಉರಿಯುತ್ತಿತ್ತು.

ರಸ್ತೆಯ ತಿರುವಿನಲ್ಲಿ ಅಂಚೆ ಡಬ್ಬಿ. ಲಕೋಟೆ ಹಾಕಿದ ಮೇಲೂ ದೊಡ್ಡಕ್ಕ ಕೈ ಹೊರತೆಗೆಯಲಿಲ್ಲ. ಮಣಿಕಟ್ಟಿನವರೆಗೂ ಒಳಗೇ ಇಟ್ಟುಕೊಂಡು, ಕಾಗದ ತಳಕ್ಕೆ ಬಿದ್ದ ಸದ್ದು ಕೇಳಿದ ನಂತರವೇ ತೆಗೆದಳು.