ಬರಿಗಣ್ಣಿನ ಕೆಲಸ

ನನ್ನ ಕೆಲಸ ಆಕಾಶ ನೋಡುವುದು. ನಗಬೇಡಿ, ಇದಕ್ಕೆ ಸಂಬಳ ಕೊಡುತ್ತಾರೆ.

ದೊಡ್ಡಾಸ್ಪತ್ರೆಯಿಂದ ಹೊಳೆಯಾಚೆಯ ಸಣ್ಣ ಆಸ್ಪತ್ರೆಗೆ ಒಂದು ಡ್ರೋನ್ ರಕ್ತದ ಚೀಲ ಹೊತ್ತು ಹಾರುತ್ತದೆ. ಹಾರಿಸುವ ಪೈಲಟ್ ಹುಡುಗಿ ದೊಡ್ಡಾಸ್ಪತ್ರೆಯ ತಾರಸಿಯಲ್ಲಿರುತ್ತಾಳೆ. ಸ್ವಲ್ಪ ದೂರ ಹೋದರೆ ಅವಳಿಗೆ ಅದು ಕಾಣದು. ಕಣ್ಣಿಗೆ ಕಾಣದ್ದನ್ನು ಹಾರಿಸಲು ಸರ್ಕಾರದ ಪರ್ಮಿಷನ್ ಬೇಕು. ಕಂಪನಿ ಅರ್ಜಿ ಹಾಕಿದೆ. ಪ್ರಶ್ನೆ ಬರುತ್ತದೆ, ಉತ್ತರ ಹೋಗುತ್ತದೆ, ಉತ್ತರದ ಬಾಲ ಹಿಡಿದು ಮತ್ತೊಂದು ಪ್ರಶ್ನೆ ಬರುತ್ತದೆ. ಸಿಗ್ನಲ್ ಕಡಿದುಹೋದರೆ? ಕೆಳಗೆ ಜನರಿದ್ದರೆ? ವಿಮಾನ ಎದುರಾದರೆ ಯಾರು ನೋಡುತ್ತಾರೆ? ಅದೆಲ್ಲ ಮುಗಿಯುವ ತನಕ ನೋಡುವವರು ನಾವು. ದಾರಿಯುದ್ದಕ್ಕೂ ನಮ್ಮನ್ನು ಒಬ್ಬೊಬ್ಬರಾಗಿ ನಿಲ್ಲಿಸಿದ್ದಾರೆ. ದುರ್ಬೀನು ಕೂಡದು, ಬರಿಗಣ್ಣೇ ಆಗಬೇಕು.

ನಾನು ಎರಡನೇ ನಂಬರು. ನೀರಿನ ಟ್ಯಾಂಕಿನ ನೆತ್ತಿ ನನ್ನ ಜಾಗ. ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಛತ್ರಿ, ಒಂದು ವಾಕಿಟಾಕಿ, ಊಟದ ಡಬ್ಬಿ. ನನ್ನ ಮುಂದಿನವರು, ಮೂರನೇ ನಂಬರು, ಮುಚ್ಚಿಹೋದ ಗಿರಣಿಯ ಮಾಳಿಗೆಯ ಮೇಲೆ. ನಾನು ಅವರ ಮುಖ ನೋಡಿದವಳಲ್ಲ. ಅವರು ನನ್ನನ್ನು ಎರಡಕ್ಕ ಎಂದರು, ನಾನು ಮೂರಣ್ಣ ಎಂದೆ. ಅಷ್ಟರಲ್ಲೇ ನೆಂಟಸ್ತನ ಆಗಿಹೋಯಿತು.

ಬೆಳಿಗ್ಗೆ ಮೊದಲು ಬರುವುದು ಅವರ ದನಿ. "ಎರಡಕ್ಕ, ನಿಮ್ಮ ಕೆಂಪು ಛತ್ರಿ ಕಾಣ್ತಿದೆ. ಶುರು ಮಾಡೋಣ." ಡ್ರೋನ್ ನನ್ನ ತಲೆ ದಾಟಿದಾಗ "ನಿಮ್ಮ ಕಡೆ ಬರ್ತಿದೆ" ಎನ್ನುತ್ತೇನೆ, "ಕಾಣ್ತಿದೆ" ಎನ್ನುತ್ತಾರೆ. ಮಧ್ಯಾಹ್ನ "ಊಟ ಆಯ್ತಾ?" ಎಂದು ಕೇಳುತ್ತಾರೆ. ಹಾಗೆ ಕೇಳುವವರು ನನಗೆ ಬೇರೆ ಯಾರೂ ಇಲ್ಲ. ಮನೆಯೆಂದರೆ ಟೈಲರ್ ಅಂಗಡಿಯ ಮೇಲಿನ ಒಂದು ಕೋಣೆ. ಗಂಡ ತೀರಿಕೊಂಡ ಹೊಸದರಲ್ಲಿ ಅಕ್ಕ ದಿನಾ ಫೋನ್ ಮಾಡುತ್ತಿದ್ದಳು. ಈಗ ಅವಳಿಗೆ ಮೊಮ್ಮಕ್ಕಳ ಗದ್ದಲ. "ಆಮೇಲೆ ಮಾಡ್ತೀನಿ ಕಣೇ" ಎನ್ನುತ್ತಾಳೆ, ಆ ಆಮೇಲೆ ಬರುವುದೇ ಇಲ್ಲ.

ಒಂದು ಸಂಜೆ ಗಾಳಿಗೆ ನನ್ನ ಛತ್ರಿ ಕೈತಪ್ಪಿ ಹಾರಿಹೋಯಿತು. ಅಂಗಡಿಯಲ್ಲಿ ಕಪ್ಪಗಿನದೊಂದೇ ಇತ್ತು, ಅದನ್ನೇ ಕೊಂಡೆ. ಮರುದಿನ ಬೆಳಿಗ್ಗೆ ಅದನ್ನು ಬಿಚ್ಚಿ ಕುಳಿತೆ. ಮೂರಣ್ಣ ಏನನ್ನುತ್ತಾರೋ ಎಂದು ಒಳಗೊಳಗೇ ನಗು ಬರುತ್ತಿತ್ತು.

"ಎರಡಕ್ಕ, ನಿಮ್ಮ ಕೆಂಪು ಛತ್ರಿ ಕಾಣ್ತಿದೆ. ಶುರು ಮಾಡೋಣ."

ತಲೆಯ ಮೇಲಿನ ಛತ್ರಿಯನ್ನು ಇನ್ನೊಮ್ಮೆ ನೋಡಿದೆ. ಬೇರೆಯವರಿಗೆ ಕೇಳಿಸದಂತೆ ಪಕ್ಕದ ಚಾನೆಲ್‌ಗೆ ಬರಲು ಅವರಿಗೆ ಹೇಳಿದೆ.

"ಅಣ್ಣ, ನನ್ನ ಛತ್ರಿ ಯಾವ ಬಣ್ಣ?"

"ಕೆಂಪು. ನೀವೇ ಹೇಳಿದ್ರಲ್ಲ?"

"ಹೇಳಿದ್ದೆ. ಅದು ಹಾರಿಹೋಯ್ತು. ಇದು ಕಪ್ಪು."



"ಕಣ್ಣಿನ ನರವೇ ಸೋತಿದೆ ಅಂದ್ರು ಡಾಕ್ಟ್ರು. ಮಾಡೋಕೇನೂ ಇಲ್ವಂತೆ. ಡ್ರೋನ್ ಸದ್ದು ಕೇಳುತ್ತಲ್ಲ, ಅದ್ರಲ್ಲೇ ತಿಳ್ಕೋತೀನಿ. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ಲೇಸು ಅಂತಾರೆ, ಅಲ್ವಾ?"

"ತಮಾಷೆ ಬೇಡ ಅಣ್ಣ. ವಿಮಾನ ಬಂದ್ರೆ?"

"ಅದೂ ಕೇಳುತ್ತೆ. ಯಾರಿಗೂ ಹೇಳ್ಬೇಡಿ ಅಕ್ಕ. ಮನೇಲಿ ಕೂತ್ರೆ ನಾನು ಗೋಡೆ ಜೊತೆ ಮಾತಾಡ್ಬೇಕು."

ನನಗೆ ಕೆಟ್ಟ ಸಿಟ್ಟು ಬಂತು. ಡ್ರೋನಿಗಾಗಿ ಅಲ್ಲ. ಈ ಊರಿನಲ್ಲಿ ನನ್ನನ್ನು ನೋಡುವವರು ಒಬ್ಬರಿದ್ದಾರೆ ಎಂದು ನಾನು ದಿನಾ ತಲೆ ಬಾಚಿ ಹೂವಿನ ಪಿನ್ನು ಸಿಕ್ಕಿಸಿಕೊಂಡು ಟ್ಯಾಂಕು ಹತ್ತುತ್ತಿದ್ದೆ. ಅಷ್ಟು ದೂರಕ್ಕೆ ಬಾಚಿದ ತಲೆ ಕಾಣುತ್ತದೆಯೇ ಎಂದು ಯೋಚಿಸದ ಪೆದ್ದಿ ನಾನು. ಸಿಟ್ಟು ಇಳಿದ ಮೇಲೆ ಉಳಿದದ್ದು ಹೆದರಿಕೆ. ಹೇಳಿದರೆ ಆ ದನಿ ಹೋಗುತ್ತದೆ. ಹೇಳದಿದ್ದರೆ ಯಾರದೋ ಜೀವ. ಸಂಜೆಯವರೆಗೆ ಅವರ ಪಾಲಿನ ಆಕಾಶವನ್ನೂ ನಾನೇ ಕಾಯುತ್ತೇನೆ, ಆಮೇಲೆ ನೋಡೋಣ ಎಂದುಕೊಂಡೆ. ಆಮೇಲೆ ಎನ್ನುವುದು ನಮ್ಮ ಮನೆತನದ ರೋಗ.

ಮಧ್ಯಾಹ್ನದ ಡ್ರೋನ್ ನನ್ನನ್ನು ದಾಟಿತು. "ಕಾಣ್ತಿದೆ" ಎಂದರು ಮೂರಣ್ಣ. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಲೇ ಇದ್ದೆ. ಗಾಳಿ ನನ್ನ ಕಡೆಯಿಂದ ಗಿರಣಿಯ ಕಡೆಗೆ ಜೋರಾಗಿ ಬೀಸುತ್ತಿತ್ತು. ಗಿರಣಿಯ ಆಚೆ, ಬಹಳ ತಗ್ಗಿನಲ್ಲಿ, ಏನೋ ಮಿನುಗಿತು. ವಿಮಾನ ಕಲಿಸುವ ಶಾಲೆಯ ಪುಟ್ಟ ವಿಮಾನ, ಆ ಗಾಳಿಗೆ ಎದುರಾಗಿ ಬರುತ್ತಿತ್ತು. ಅದರ ಸದ್ದನ್ನು ಗಾಳಿ ಹಿಂದಕ್ಕೇ ಕೊಂಡೊಯ್ಯುತ್ತಿತ್ತು. ಮೂರಣ್ಣನಿಂದ ಮಾತಿಲ್ಲ.

"ಇಳಿಸು! ವಿಮಾನ! ಇಳಿಸು!" ಎಂದು ಕಿರುಚಿದೆ.

ಪೈಲಟ್ ಹುಡುಗಿ ಏನೂ ಕೇಳದೆ ಇಳಿಸಿದಳು. ಡ್ರೋನ್ ಮರಗಳ ಎತ್ತರಕ್ಕೆ ಕುಸಿಯಿತು, ವಿಮಾನ ಅದರ ಮೇಲೆಯೇ ಹಾದುಹೋಯಿತು. ಅದು ನನ್ನ ಟ್ಯಾಂಕಿನ ಪಕ್ಕದಲ್ಲೇ ಸಾಗಿದಾಗ ಅದರಲ್ಲಿದ್ದ ಇಬ್ಬರ ತಲೆಗಳು ನನಗೆ ಕಂಡವು.

ಆಮೇಲೆ ಅವಳು ಕೇಳಿದಳು. "ಎರಡು, ಅದು ಮೂರರ ಜಾಗ. ನಿಮಗೆ ಕಂಡಿದ್ದು ಅವ್ರಿಗ್ಯಾಕೆ ಕಾಣಲಿಲ್ಲ? ಮೂರು?"

ಬಿಸಿಲು ಕಣ್ಣಿಗೆ ಹೊಡೆದಿರಬೇಕು ಎಂಬ ಸುಳ್ಳು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಬಟನ್ ಒತ್ತಿದೆ.

"ಮೂರಣ್ಣನಿಗೆ ಕಣ್ಣು ಕಾಣಲ್ಲ."

ಮೂರಣ್ಣನ ದನಿ ಬಂತು. "ನಿಜ. ಅವ್ರು ಹೇಳಿದ್ದು ಸರಿ." ಮತ್ತೆ ನಿಧಾನವಾಗಿ, "ಎರಡಕ್ಕ, ಹೊತ್ತಾಯ್ತು. ಊಟ ಮಾಡಿ."

ಆ ಸಂಜೆಯೇ ಅವರನ್ನು ಕಳಿಸಿಬಿಟ್ಟರು. ವಿಷಯ ಸರ್ಕಾರಕ್ಕೆ ಹೋಗಿ, ಹತ್ತಿರ ಬಂದಿದ್ದ ಪರ್ಮಿಷನ್ ಮತ್ತೆ ದೂರ ಹೋಯಿತು. ಹೀಗಾಗಿ ನನ್ನ ಕೆಲಸ ಗಟ್ಟಿಯಾಯಿತು. ಆಫೀಸಿನಲ್ಲಿ ಅವರ ವಿಳಾಸ ಕೇಳಿದೆ. ದೂರು ಕೊಟ್ಟವರಿಗೆ ಕೊಡುವಂತಿಲ್ಲ, ರೂಲ್ಸು ಎಂದರು. ಅವರ ಹೆಸರೂ ನನಗೆ ಗೊತ್ತಿಲ್ಲ, ಕೇಳಿಯೇ ಇರಲಿಲ್ಲ.

ಗಿರಣಿಯ ಮೇಲೆ ಈಗ ಹೊಸಬಳಿದ್ದಾಳೆ. ಒಳ್ಳೆಯ ಕಣ್ಣು. ಮೊನ್ನೆ "ಎರಡು, ನಿಮ್ಮ ಕಪ್ಪು ಛತ್ರಿ ಗಾಳಿಗೆ ಮಗುಚಿದೆ, ನೋಡ್ಕೊಳ್ಳಿ" ಎಂದಳು. ನೋಡಿದರೆ ನಿಜವಾಗಿಯೂ ಮಗುಚಿತ್ತು. ಅವಳಿಗೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಛತ್ರಿ ಸರಿಮಾಡಿ, ಊಟದ ಡಬ್ಬಿಯ ಮುಚ್ಚಳ ತೆಗೆದು, ವಾಕಿಟಾಕಿಯನ್ನು ಬಾಯಿಯ ಹತ್ತಿರ ತಂದೆ.

"ಈಗ ಮಾಡ್ತಿದ್ದೀನಿ ಅಣ್ಣ" ಎಂದೆ. ಬಟನ್ ಒತ್ತಿರಲಿಲ್ಲ.